ಕಣದ ಯಾವ ಮೂಲೆಯಲ್ಲಿ ನಿಂತು ನೋಡುತ್ತೀರಿ?

ನಮ್ಮೂರು ಡೋಣಿ ಹೊಳೆಯ ಸೀಮೆಯದು. ವಿಜಯಪುರ ಜಿಲ್ಲೆಯ ಎರಿ ಹೊಲ, ಹಿಂಗಾರಿ ಬಿಳಿಜೋಳ. 'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ನಾನು ಸಣ್ಣವನಿದ್ದಾಗ ಶಿವರಾತ್ರಿಯ ಆಸುಪಾಸಿನಲ್ಲಿ ಅಜ್ಜನ ಕಣದಲ್ಲಿ ರಾಶಿಯಾಗುತ್ತಿತ್ತು. ಮೇಟಿಯ ಸುತ್ತ ಎತ್ತುಗಳು ಹಂತಿ ತುಳಿಯುತ್ತಿದ್ದವು. ಗಾಳಿ ಬಂದಾಗ ತೂರುತ್ತಿದ್ದರು. ಸಂಜೆಗೆ ಹೊಟ್ಟೆಲ್ಲ ಒಂದು ಕಡೆ, ಕಾಳೆಲ್ಲ ಒಂದು ಕಡೆ. ಅಜ್ಜ ರಾಶಿಗೆ ಕೈಮುಗಿದು ಅಳೆಯಲು ಕೂಡುತ್ತಿದ್ದ. ಮೊದಲ ಅಳತೆಗೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದ. ಆಮೇಲೆ ಎರಡು, ಮೂರು.

ಅಷ್ಟೊತ್ತಿಗೆ ಕಣದ ಸುತ್ತ ಜನ ಸೇರಿರುತ್ತಿದ್ದರು. ಕೂರಿಗೆ, ಕುಂಟೆ ಮಾಡಿಕೊಟ್ಟ ಬಡಿಗೇರ. ಕುಡ ಹದ ಮಾಡಿಕೊಟ್ಟ ಕಮ್ಮಾರ. ವರ್ಷವಿಡೀ ಮನೆಮಂದಿಯ ಕ್ಷೌರ ಮಾಡಿದ ಹಡಪದ. ಬಟ್ಟೆ ಒಗೆದ ಅಗಸರು, ಗಡಿಗೆ ಕೊಟ್ಟ ಕುಂಬಾರ, ಮಿಣಿ-ಬಾರುಕೋಲು ಮಾಡಿಕೊಟ್ಟ ಮಾದರ ಮನೆಯವರು. ಯಾರಿಗೂ ವರ್ಷದಲ್ಲಿ ರೊಕ್ಕ ಕೊಟ್ಟಿರುತ್ತಿರಲಿಲ್ಲ. ಈಗ ಕಾಳು ಕೊಡಬೇಕು. ಇದಕ್ಕೆ 'ಆಯ' ಎನ್ನುತ್ತಿದ್ದರು, ಪಡೆಯುವವರಿಗೆ ಆಯಗಾರರು. ಬಡಿಗೇರ ಬುಟ್ಟಿ ಹಿಡಿದು ರಾಶಿಯ ಹತ್ತಿರವೇ ಬರುತ್ತಿದ್ದ. ಮಾದರ ಅಜ್ಜ ಕಣದ ಅಂಚಿನಾಚೆ, ಬೇಲಿಯ ಹತ್ತಿರ ಕೂತಿರುತ್ತಿದ್ದ. ಅವನ ಪಾಲು ಕೊನೆಗೆ. ರಾಶಿ ಎತ್ತಿದ ಮೇಲೆ ನೆಲಕ್ಕೆ ಉಳಿದ, ಮಣ್ಣು ಕೂಡಿದ ಕಾಳು ಅವನದು.

ಈಗ ನಾನು ಡಿಗ್ರಿ ಮಕ್ಕಳಿಗೆ ಸಮಾಜಶಾಸ್ತ್ರ ಕಲಿಸುತ್ತೇನೆ. 'ಭಾರತೀಯ ಸಮಾಜದ ಅಧ್ಯಯನದ ದೃಷ್ಟಿಕೋನಗಳು' ಎಂಬ ಪಾಠ ಬಂದಾಗ ಮಕ್ಕಳ ಮುಖ ಬಾಡುತ್ತದೆ. ಇಂಡಾಲಜಿ, ರಚನಾ-ಕಾರ್ಯವಾದ, ಮಾರ್ಕ್ಸ್‌ವಾದ, ಸಬಾಲ್ಟರ್ನ್. ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಮರೆಯುತ್ತಾರೆ. ಇದು ನನಗೆ ಬಹಳ ಬೇಸರದ ಸಂಗತಿ. ಯಾಕೆಂದರೆ ಆ ಪಾಠದಲ್ಲಿ ಇರುವುದು ಅವರದೇ ಊರು. ಹಾಗಾಗಿ ನಾನು ಈ ಪಾಠವನ್ನು ಕಣದಿಂದಲೇ ಶುರು ಮಾಡುತ್ತೇನೆ. ಎಲ್ಲ ಪಂಡಿತರೂ ನೋಡಿದ್ದು ಇದೇ ರಾಶಿಯನ್ನು. ಆದರೆ ಒಬ್ಬೊಬ್ಬರು ಕಣದ ಒಂದೊಂದು ಮೂಲೆಯಲ್ಲಿ ನಿಂತಿದ್ದರು. ನಿಂತ ಜಾಗ ಗೊತ್ತಾದರೆ ಅವರು ಏನನ್ನು ಕಂಡರು, ಏನನ್ನು ಕಾಣಲಿಲ್ಲ ಎಂಬುದು ತಾನಾಗಿ ತಿಳಿಯುತ್ತದೆ.

ಸರ್ಕಾರದ ದಫ್ತರ

ನಮ್ಮ ಕಡೆಯ ಸಮಾಜವನ್ನು ಮೊದಲು ಪದ್ಧತಿ ಪ್ರಕಾರ ಬರೆದಿಟ್ಟವರು ಬ್ರಿಟಿಷ್ ಅಧಿಕಾರಿಗಳು. ಆಗ ಬೆಳಗಾವಿ, ವಿಜಯಪುರ ಎರಡೂ ಮುಂಬಯಿ ಪ್ರಾಂತದಲ್ಲಿದ್ದವು. ಮುಂಬಯಿ ಗೆಜೆಟಿಯರಿನ ಬೆಳಗಾವಿ ಮತ್ತು ಬಿಜಾಪುರದ ಸಂಪುಟಗಳು ಬಂದದ್ದು 1884ರಲ್ಲಿ. ಯಾವ ಜಾತಿಯವರು ಎಷ್ಟು ಮಂದಿ, ಏನು ಉಣ್ಣುತ್ತಾರೆ, ಏನು ಉಡುತ್ತಾರೆ, ಮದುವೆ ಹೇಗೆ ಮಾಡುತ್ತಾರೆ, ಎಲ್ಲ ಅದರಲ್ಲಿದೆ. ಈಗಲೂ ನಾನು ಅದನ್ನು ತೆಗೆದು ಓದುತ್ತೇನೆ. ಬೇರೆಲ್ಲೂ ಸಿಗದ ವಿವರ ಅಲ್ಲಿ ಸಿಗುತ್ತದೆ.

ಆದರೆ ಅದನ್ನು ಬರೆದ ಉದ್ದೇಶ ಏನು? ಕಂದಾಯ ವಸೂಲಿ ಮಾಡಬೇಕಿತ್ತು, ಆಳಬೇಕಿತ್ತು. ಹಾಗಾಗಿ ಪ್ರತಿ ಜಾತಿಗೂ ಒಂದು ಖಾನೆ, ಪ್ರತಿ ಖಾನೆಗೂ ಒಂದು ಗುಣ. ಕೆಲವರು 'ಶ್ರಮಜೀವಿಗಳು', ಕೆಲವರು 'ಕಳ್ಳತನದವರು'. ಊರಲ್ಲಿ ಜನ ತಮ್ಮನ್ನು ಹೊತ್ತು, ಸಂದರ್ಭ ನೋಡಿ ಬೇರೆ ಬೇರೆ ಹೆಸರಿನಿಂದ ಹೇಳಿಕೊಳ್ಳುತ್ತಿದ್ದರು. ಒಮ್ಮೆ ಮನೆತನದ ಹೆಸರು, ಒಮ್ಮೆ ಕಸುಬಿನ ಹೆಸರು, ಒಮ್ಮೆ ಮಠದ ಹೆಸರು. ಗಣತಿ ಬಂದ ಮೇಲೆ ಒಂದೇ ಖಾನೆಯಲ್ಲಿ ಕೂಡಬೇಕಾಯಿತು. ಎಣಿಸುವುದು ಅಂದರೆ ಇದ್ದದ್ದನ್ನು ಸುಮ್ನೆ ಎಣಿಸುವುದಲ್ಲ, ಎಣಿಸುತ್ತ ಎಣಿಸುತ್ತ ಗೆರೆಗಳು ಗಟ್ಟಿಯಾಗುತ್ತವೆ. ಬರ್ನಾರ್ಡ್ ಕೋನ್ ಎಂಬ ಅಮೆರಿಕದ ವಿದ್ವಾಂಸರು ಈ ಮಾತನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟರು.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. ಎಲ್ಲ ಜಾತಿಗಳ ಲೆಕ್ಕ ಪ್ರಕಟವಾದ ಕೊನೆಯ ಜನಗಣತಿ 1931ರದು. ನಮ್ಮ ರಾಜ್ಯದಲ್ಲಿ 2015ರಲ್ಲಿ, ಮತ್ತೆ 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆಯಲ್ಲೂ ಮಾತು ಇದೇ: ಧರ್ಮದ ಖಾನೆಯಲ್ಲಿ ಏನು ಬರೆಸಬೇಕು, ಜಾತಿಯ ಖಾನೆಯಲ್ಲಿ ಏನು, ಉಪಜಾತಿ ಬರೆಸಬೇಕೋ ಬೇಡವೋ. ಒಂದು ಖಾನೆಗೆ ಎಷ್ಟು ಶಕ್ತಿ ಇದೆ ನೋಡಿ.

ಗ್ರಂಥದ ಕಣ್ಣು

ಭಾರತದಲ್ಲಿ ಸಮಾಜಶಾಸ್ತ್ರ ವಿಭಾಗವೊಂದು ಶುರುವಾದದ್ದು 1919ರಲ್ಲಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ. ಪ್ಯಾಟ್ರಿಕ್ ಗೆಡೆಸ್ ಮೊದಲ ಮುಖ್ಯಸ್ಥರು. 1924ರಲ್ಲಿ ಅದರ ಹೊಣೆ ಹೊತ್ತವರು ಗೋವಿಂದ ಸದಾಶಿವ ಘುರ್ಯೆ. ಸಂಸ್ಕೃತ ಪಂಡಿತರು. ಕೇಂಬ್ರಿಜ್‌ಗೆ ಹೋಗಿ ಮಾನವಶಾಸ್ತ್ರ ಕಲಿತು ಬಂದವರು. ಜಾತಿಯ ಬಗ್ಗೆ 1932ರಲ್ಲಿ ಬಂದ ಅವರ ಪುಸ್ತಕ ಇಂದಿಗೂ ಪಾಠದಲ್ಲಿದೆ. ಜಾತಿ ಅಂದರೆ ಏನು ಎಂಬುದಕ್ಕೆ ಅವರು ಆರು ಲಕ್ಷಣ ಹೇಳಿದರು: ಸಮಾಜ ತುಂಡು ತುಂಡಾಗಿರುವುದು, ತುಂಡುಗಳಲ್ಲಿ ಮೇಲು-ಕೀಳು, ಯಾರ ಜೊತೆ ಉಣ್ಣಬೇಕು ಎಂಬ ಕಟ್ಟು, ಕೆಲವರಿಗೆ ಹಕ್ಕು ಕೆಲವರಿಗೆ ನಿರ್ಬಂಧ, ಕಸುಬು ಆರಿಸಿಕೊಳ್ಳಲು ಬಿಡದಿರುವುದು, ಮದುವೆಗೆ ಗಡಿ. ನಮ್ಮ ಕಣದಲ್ಲಿ ಈ ಆರೂ ಇದ್ದವು.

ಘುರ್ಯೆ ಮತ್ತು ಅವರಂಥವರ ದಾರಿಗೆ ಇಂಡಾಲಜಿ ಅಥವಾ ಭಾರತಶಾಸ್ತ್ರದ ದಾರಿ ಎನ್ನುತ್ತಾರೆ. ಇಂದಿನ ಸಮಾಜ ತಿಳಿಯಬೇಕಾದರೆ ವೇದ, ಸ್ಮೃತಿ, ಪುರಾಣ ತಿಳಿದಿರಬೇಕು ಎಂಬುದು ಇದರ ನಂಬಿಕೆ. ಮುಂದೆ ಫ್ರಾನ್ಸಿನ ಲೂಯಿ ಡ್ಯುಮೊಂಟ್ 1966ರಲ್ಲಿ ಇದೇ ದಾರಿಯನ್ನು ಇನ್ನೊಂದು ಕಡೆಗೆ ಎಳೆದರು. ಮಡಿ-ಮೈಲಿಗೆಯೇ ಜಾತಿಯ ಬುಡ ಎಂದರು.

ಇದರಲ್ಲಿ ಸತ್ಯ ಇದೆ. ಮಾದರ ಅಜ್ಜ ಬೇಲಿಯ ಹತ್ತಿರ ಯಾಕೆ ಕೂತಿದ್ದ ಎಂಬ ಪ್ರಶ್ನೆಗೆ ಮೈಲಿಗೆಯ ಮಾತು ಬಿಟ್ಟು ಉತ್ತರ ಸಿಗುವುದಿಲ್ಲ. ಆದರೆ ಯಾವ ಸ್ಮೃತಿಯಲ್ಲೂ ಬಡಿಗೇರನಿಗೆ ಎಷ್ಟು ಬುಟ್ಟಿ ಜೋಳ ಎಂದು ಬರೆದಿಲ್ಲ. ನಾಲ್ಕು ವರ್ಣ ಎನ್ನುತ್ತದೆ ಗ್ರಂಥ. ನಮ್ಮ ಸಣ್ಣ ಊರಲ್ಲೇ ಹದಿನೈದಿಪ್ಪತ್ತು ಜಾತಿ.

ಇಲ್ಲಿ ನನ್ನದೊಂದು ಮಾತು ಸೇರಿಸಲೇಬೇಕು. ಗ್ರಂಥ ಅಂದ ಕೂಡಲೇ ಸಂಸ್ಕೃತವೇ ಯಾಕೆ? ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ, ಮನೆಮನೆಯ ಜಗಲಿಯ ಮೇಲಿದ್ದ ತಾಡೋಲೆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಅಚ್ಚು ಹಾಕಿಸಿದರು. ಘುರ್ಯೆ ಮುಂಬಯಿಯಲ್ಲಿ ಪಾಠ ಶುರು ಮಾಡುವ ಒಂದು ವರ್ಷ ಮುಂಚೆ. ಆ ವಚನಕಾರರ ಹೆಸರುಗಳನ್ನು ಒಮ್ಮೆ ಓದಿ: ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯ. ನಮ್ಮಜ್ಜನ ಕಣದ ಸುತ್ತ ನಿಂತಿದ್ದವರ ಪಟ್ಟಿಯಂತೆಯೇ ಇದೆ, ಅಲ್ವಾ? ಬಸವಣ್ಣ ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ, ಕೂಡಲಸಂಗಮ ಪಕ್ಕದ ಬಾಗಲಕೋಟೆಯಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಈ ಕಸುಬಿನವರೇ ಬಾಯಿಬಿಟ್ಟು ಜಾತಿಯನ್ನು ಪ್ರಶ್ನೆ ಮಾಡಿದ್ದಾರೆ. ಇದೂ ಭಾರತದ ಗ್ರಂಥವೇ. ಗ್ರಂಥದ ದಾರಿ ತಪ್ಪು ಎಂದು ನಾನು ಹೇಳುವುದಿಲ್ಲ, ಯಾವ ಗ್ರಂಥ ಎಂದು ಕೇಳುತ್ತೇನೆ. ಬಾಗೇವಾಡಿಯ ಮಕ್ಕಳು ಸ್ಮೃತಿಯನ್ನಷ್ಟೇ ಓದಿ ಜಾತಿಯ ಬಗ್ಗೆ ಉತ್ತರ ಬರೆದರೆ ನನಗೆ ಸಂಕಟವಾಗುತ್ತದೆ.

ಎತ್ತಿನ ಮನೆಯಲ್ಲಿ ಕೂತು ಬರೆದವರು

ಘುರ್ಯೆ ಅವರ ಶಿಷ್ಯರಲ್ಲಿ ಮೂವರು ಮೂರು ದಿಕ್ಕಿಗೆ ಹೋದರು. ಎಂ.ಎನ್. ಶ್ರೀನಿವಾಸ್, ಎ.ಆರ್. ದೇಸಾಯಿ, ಇರಾವತಿ ಕರ್ವೆ. ಒಂದೇ ಗುರು, ಮೂರು ದಾರಿ. ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾಗುವ ಸಂಗತಿ ಇದು.

ಶ್ರೀನಿವಾಸ್ ಮೈಸೂರಿನವರು. ಮುಂಬಯಿ ಮುಗಿಸಿ ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಅವರ ಹತ್ತಿರ ಒಂದು ಹೊಸ ನೋಟ ಕಲಿತರು. ಸಮಾಜ ಅಂದರೆ ಒಂದಕ್ಕೊಂದು ಹೊಂದಿಕೊಂಡ ಭಾಗಗಳ ಕಟ್ಟು, ಪ್ರತಿ ಭಾಗಕ್ಕೂ ಒಂದು ಕೆಲಸ ಇದೆ ಎಂಬ ನೋಟ. ಇದನ್ನೇ ರಚನಾ-ಕಾರ್ಯವಾದ ಎನ್ನುವುದು. ಕೊಡಗಿನವರ ಬಗ್ಗೆ 1952ರಲ್ಲಿ ಬಂದ ಪುಸ್ತಕ ಅವರಿಗೆ ಹೆಸರು ತಂದಿತು. ಅದಕ್ಕೂ ಮುಂಚೆ, 1948ರಲ್ಲಿ, ಅವರು ಮೈಸೂರು ಸೀಮೆಯ ಒಂದು ಹಳ್ಳಿಗೆ ಹೋಗಿ ಉಳಿದರು. ಪುಸ್ತಕದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಗ್ರಂಥ ಏನು ಹೇಳುತ್ತದೆ ಎಂಬುದನ್ನು ಬದಿಗಿಟ್ಟು, ಜನ ನಿಜವಾಗಿ ಹೇಗೆ ಬದುಕುತ್ತಾರೆ ನೋಡೋಣ ಎಂಬುದು ಅವರ ಹಟ.

ಆ ಟಿಪ್ಪಣಿಗಳ ಕಥೆ ಹೇಳಿದಾಗ ತರಗತಿ ಒಮ್ಮೆಲೇ ಸ್ತಬ್ಧವಾಗುತ್ತದೆ. ವರ್ಷಗಟ್ಟಲೆ ತಿದ್ದಿ ಜೋಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳನ್ನು ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ಗೆ ಒಯ್ದಿದ್ದರು. 1970ರ ಏಪ್ರಿಲ್ 24ರಂದು ಅಲ್ಲಿಯ ಕಚೇರಿಗೆ ಕಿಡಿಗೇಡಿಗಳು ಬೆಂಕಿ ಹಚ್ಚಿದರು. ಮೂರೂ ಸುಟ್ಟವು. ಆಮೇಲೆ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ಒಂದು ಊರು ಒಬ್ಬ ಮನುಷ್ಯನ ತಲೆಯಲ್ಲಿ ಅಷ್ಟು ಚೆನ್ನಾಗಿ ಉಳಿದಿತ್ತು.

ಅವರು ಕೊಟ್ಟ ಎರಡು ಪದ ಇಂದು ಪೇಪರಿನವರೂ ಬಳಸುತ್ತಾರೆ. ಒಂದು, 'ಪ್ರಬಲ ಜಾತಿ'. ಊರಲ್ಲಿ ಜನಸಂಖ್ಯೆ ಜಾಸ್ತಿ, ಹೊಲ ಜಾಸ್ತಿ, ಪಂಚಾಯಿತಿಯಲ್ಲಿ ಮಾತು ನಡೆಯುತ್ತದೆ, ಮಡಿ-ಮೈಲಿಗೆಯ ಏಣಿಯಲ್ಲಿ ತೀರಾ ಕೆಳಗಿಲ್ಲ. ಅಂಥ ಜಾತಿ ಬ್ರಾಹ್ಮಣರದೇ ಆಗಿರಬೇಕಿಲ್ಲ. ಗ್ರಂಥದ ಏಣಿ ಒಂದು, ಊರಿನ ಏಣಿ ಇನ್ನೊಂದು ಎಂಬುದು ಇದರಿಂದ ಎದ್ದು ಕಂಡಿತು. ನಮ್ಮ ಕಡೆ ಒಂದೂರಲ್ಲಿ ಲಿಂಗಾಯತರು, ಒಂದೂರಲ್ಲಿ ರೆಡ್ಡಿಗಳು, ಬೆಳಗಾವಿ-ಖಾನಾಪುರದ ಕಡೆ ಹೋದರೆ ಮರಾಠರು, ಕೆಲವು ಊರಲ್ಲಿ ಕುರುಬರು. ಊರು ಬದಲಾದರೆ ಉತ್ತರ ಬದಲಾಗುತ್ತದೆ.

ಇನ್ನೊಂದು, 'ಸಂಸ್ಕೃತೀಕರಣ'. ಕೆಳಗಿನ ಜಾತಿಯವರು ಮೇಲಿನವರ ನಡೆನುಡಿ ಹಿಡಿದು ಒಂದು ತಲೆಮಾರು, ಎರಡು ತಲೆಮಾರಿನಲ್ಲಿ ತಮ್ಮ ಸ್ಥಾನ ಏರಿಸಿಕೊಳ್ಳಲು ನೋಡುವುದು. ಮಾಂಸ ಬಿಡುವುದು, ಜನಿವಾರ ಹಾಕುವುದು, ಪುರಾಣದ ಋಷಿಯೊಬ್ಬನನ್ನು ಮೂಲಪುರುಷ ಎನ್ನುವುದು. ನಮ್ಮ ಬಡಿಗೇರರ ಮನೆಯಲ್ಲಿ ಜನಿವಾರ ನೋಡಿಯೇ ಇರುತ್ತೀರಿ. ನೇಕಾರ ದೇವಾಂಗರಲ್ಲೂ ಇದೆ. ಆದರೆ ನಮ್ಮ ಸೀಮೆಯಲ್ಲಿ ಮೇಲಿನವರು ಅಂದರೆ ಬ್ರಾಹ್ಮಣರೇ ಎಂದಿಲ್ಲ. ಎಷ್ಟೋ ಮನೆತನಗಳು ಲಿಂಗ ಕಟ್ಟಿಕೊಂಡು, ಮಾಂಸ ಬಿಟ್ಟು, ಅಯ್ಯನವರನ್ನು ಕರೆಸಿ ಕಾರ್ಯ ಮಾಡಿಸಲು ಶುರು ಮಾಡಿದವು. ಜಾತಿಯನ್ನು ಒಲ್ಲೆ ಎಂದ ಧರ್ಮವೇ ಮುಂದೆ ಏಣಿಯ ಮೆಟ್ಟಿಲೂ ಆಯಿತು ಎಂಬುದು ನೋವಿನ ಸಂಗತಿ.

ಈಗ ಆಯಕ್ಕೆ ಬರೋಣ. ವಿಲಿಯಂ ವೈಸರ್ ಎಂಬುವರು ಉತ್ತರ ಪ್ರದೇಶದ ಕರೀಂಪುರದಲ್ಲಿ ಇದೇ ಥರದ ಪದ್ಧತಿ ಕಂಡು 1936ರಲ್ಲಿ 'ಜಜ್ಮಾನಿ ವ್ಯವಸ್ಥೆ' ಎಂದು ಬರೆದರು. ಕಾರ್ಯವಾದದ ಕಣ್ಣಿಗೆ ಇದು ಬಹಳ ಚಂದ ಕಾಣುತ್ತದೆ. ಎಲ್ಲರಿಗೂ ಕೆಲಸ, ಎಲ್ಲರಿಗೂ ಕಾಳು. ಬರ ಬಂದರೂ ಬಡಿಗೇರನ ಮನೆ ಉಪವಾಸ ಬೀಳುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಬೇಕು. ನಮ್ಮಜ್ಜ ಕೂಡ ಹೀಗೇ ಹೇಳುತ್ತಿದ್ದ. 'ಎಲ್ಲಾರೂ ಕೂಡಿ ಉಣ್ಣೂ ಕಾಲ ಅದು' ಎಂದು. ಅಜ್ಜ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಅವನು ಕೂತಿದ್ದು ರಾಶಿಯ ಪಕ್ಕದಲ್ಲಿ, ಸೇರು ಅವನ ಕೈಯಲ್ಲಿತ್ತು.

ಶ್ರೀನಿವಾಸ್ ರಾಂಪುರದಲ್ಲಿ ಉಳಿದದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ತಾನು ಕಂಡದ್ದು ಮೇಲ್ಜಾತಿಯ, ಜಮೀನುಳ್ಳವರ ಊರು ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. 1961-62ರಲ್ಲಿ ತಂಜಾವೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕೆಲಸ ಮಾಡಿದ ಆಂದ್ರೆ ಬೆತೆಯಿ ಅಗ್ರಹಾರದಲ್ಲಿ ಉಳಿದಿದ್ದರು. ಹಾಗಾಗಿ ಬೇರೆ ಕೇರಿಗಳಿಗೆ ಸಲೀಸಾಗಿ ಹೋಗಿಬರಲು ಆಗಲಿಲ್ಲ. ಆದರೂ ಅವರು ಒಂದು ದೊಡ್ಡ ಗಂಟು ಬಿಡಿಸಿದರು. ಜಾತಿ, ವರ್ಗ, ಅಧಿಕಾರ ಮೂರೂ ಮುಂಚೆ ಒಂದೇ ಕೈಯಲ್ಲಿದ್ದವು, ಈಗ ಬೇರೆ ಬೇರೆ ಕೈಗೆ ಹೋಗುತ್ತಿವೆ ಎಂದು ತೋರಿಸಿದರು. ನಮ್ಮಲ್ಲೂ ಹೊಲ ಒಬ್ಬರದು, ಮೀಸಲಾತಿಯಲ್ಲಿ ಗೆದ್ದ ಪಂಚಾಯಿತಿ ಅಧ್ಯಕ್ಷರು ಇನ್ನೊಬ್ಬರು ಎಂಬ ಊರುಗಳಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಸಂಶೋಧನೆಗೆ ಹೋಗುವ ಮಕ್ಕಳಿಗೆ ನಾನು ಮೊದಲು ಕೇಳುವುದು ಇದೇ: 'ಅಲ್ಲಿ ಯಾರ ಮನ್ಯಾಗ ಇಳಕೊಂಡಿ? ಚಾ ಯಾರು ಕೊಟ್ರು?'

ಸೇರು ಯಾರ ಕೈಯಲ್ಲಿ?

ಎ.ಆರ್. ದೇಸಾಯಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಗುಜರಾತಿನ ನಡಿಯಾದ್‌ನಲ್ಲಿ 1915ರಲ್ಲಿ ಹುಟ್ಟಿದವರು, ಕಾರ್ಮಿಕ ಹೋರಾಟದಲ್ಲಿ ಇದ್ದವರು. ಭಾರತದ ರಾಷ್ಟ್ರೀಯತೆ ಎಲ್ಲಿಂದ ಹುಟ್ಟಿತು ಎಂದು 1948ರಲ್ಲಿ ಬರೆದ ಪುಸ್ತಕದಲ್ಲಿ ಅವರು ನೋಡಿದ್ದು ಭೂಮಿ, ಕಂದಾಯ, ರೈಲು, ಕಾರ್ಖಾನೆ, ಹೊಸ ವರ್ಗಗಳನ್ನು. ಸಂಪ್ರದಾಯದ ಬಗ್ಗೆ ಮಾತಾಡುವ ಮುಂಚೆ, ಯಾರು ದುಡಿಯುತ್ತಾರೆ, ಫಲ ಯಾರಿಗೆ ಹೋಗುತ್ತದೆ ಹೇಳಿ ಎನ್ನುತ್ತದೆ ಮಾರ್ಕ್ಸ್‌ವಾದದ ದಾರಿ.

ಆ ಕಣ್ಣಿನಿಂದ ನೋಡಿದರೆ ಆಯ ಅಂದರೆ ವರ್ಷದ ದುಡಿಮೆಗೆ ಹೊಲದ ಒಡೆಯ ತನಗೆ ಸರಿಕಂಡಷ್ಟು ಕೊಡುವ ಕೂಲಿ. ಚೌಕಾಸಿ ಇಲ್ಲ. ಬಿಟ್ಟು ಹೋಗುವ ಹಾಗಿಲ್ಲ. 1974ರ ಭೂಸುಧಾರಣೆಯಲ್ಲಿ 'ಉಳುವವನೇ ಒಡೆಯ' ಎಂದರು. ಗೇಣಿದಾರರಿಗೆ ಹೊಲ ಬಂತು. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಆಯಗಾರರಿಗೆ ಏನು ಬಂತು? ಆಮೇಲೆ ಕಾಲುವೆ, ಕಬ್ಬು, ಟ್ರ್ಯಾಕ್ಟರ್, ರಾಶಿ ಮಷೀನ್. ಬಡಿಗೇರನ ಕೂರಿಗೆ ಬೇಡವಾಯಿತು. ಆಯ ನಿಂತಿತು. ಕಾರ್ಯವಾದಿ ಇದನ್ನು 'ವ್ಯವಸ್ಥೆ ಸಡಿಲವಾಯಿತು' ಎಂದು ಬರೆಯುತ್ತಾನೆ. ದೇಸಾಯಿ ಆಗಿದ್ದರೆ, ಕಾಳಿನ ಕೂಲಿ ಹೋಗಿ ರೊಕ್ಕದ ಕೂಲಿ ಬಂತು, ಆ ರೊಕ್ಕ ಊರಲ್ಲಿ ಸಿಗದೆ ಜನ ಗುಳೆ ಹೋದರು ಎಂದು ಬರೆಯುತ್ತಿದ್ದರು. ಗೋವಾ, ಪುಣೆ, ಮುಂಬಯಿಗೆ ಹೋಗುವ ಬಸ್ಸುಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೂತವರ ಅಡ್ಡಹೆಸರು ಕೇಳಿದರೆ ಗೊತ್ತಾಗುತ್ತದೆ.

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಈ ಪಾಠಕ್ಕೆ ಬಹಳ ಒಳ್ಳೆಯ ಜಾಗ. ಹೊಲದಲ್ಲಿ ತಂಬಾಕು ಬೆಳೆಯುವವನು, ಖರೀದಿ ಮಾಡುವ ವ್ಯಾಪಾರಿ, ಮನೆಯ ಹೊಸ್ತಿಲಲ್ಲಿ ಕೂತು ಬೀಡಿ ಕಟ್ಟುವ ಹೆಂಗಸು. 1981ರಲ್ಲಿ ಬೆಳೆಗಾರರು ಬೆಲೆಗಾಗಿ ಹೆದ್ದಾರಿಯಲ್ಲಿ ಕೂತರು. ಗೋಲಿಬಾರ್ ಆಯಿತು, ರೈತರು ಸತ್ತರು. ಅಲ್ಲಿ ಬರೀ ಜಾತಿಯ ಲೆಕ್ಕ ಹಿಡಿದು ಕೂತರೆ ಏನೂ ಅರ್ಥವಾಗುವುದಿಲ್ಲ. ಆದರೆ ಬರೀ ವರ್ಗ ಎಂದರೂ ಸಾಲದು. ಮಾದರ ಅಜ್ಜನೂ ಬಡಿಗೇರನೂ ಇಬ್ಬರೂ ಬಡವರೇ. ಒಬ್ಬ ರಾಶಿಯ ಹತ್ತಿರ ಬಂದ, ಒಬ್ಬ ಬರಲಿಲ್ಲ.

ಬೇಲಿಯ ಆಚೆಯಿಂದ

ಅಂಬೇಡ್ಕರ್ 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. ಘುರ್ಯೆ ಅವರ ಪುಸ್ತಕ ಬರಲು ಇನ್ನೂ 16 ವರ್ಷ ಇತ್ತು. ಜಾತಿಯ ಬುಡ ಇರುವುದು ಒಳಮದುವೆಯಲ್ಲಿ, ತಮ್ಮೊಳಗೇ ಹೆಣ್ಣು ಕೊಟ್ಟು ತರುವ ಕಟ್ಟಿನಲ್ಲಿ ಎಂದು ಅವರು ಅಂದೇ ಹೇಳಿದರು. ಆ ಕಟ್ಟು ಉಳಿಯಬೇಕಾದರೆ ಹೆಣ್ಣನ್ನು ಕಟ್ಟಿಹಾಕಬೇಕು. ಸತಿ, ವಿಧವೆಯ ಮರುಮದುವೆಗೆ ಅಡ್ಡಿ, ಬಾಲ್ಯವಿವಾಹ ಮೂರೂ ಅದಕ್ಕಾಗಿಯೇ ಬಂದವು ಎಂದು ಬಿಡಿಸಿ ತೋರಿಸಿದರು. 1936ರಲ್ಲಿ ಇನ್ನೊಂದು ಮಾತು ಹೇಳಿದರು: ಜಾತಿ ಕೆಲಸದ ಹಂಚಿಕೆಯಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಒಡೆದು ಹಂಚುವುದು. ಇಬ್ಬರೂ ಬಡವರೇ ಆದರೂ ಬಡಿಗೇರ ಮತ್ತು ಮಾದರ ಯಾಕೆ ಒಂದಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರತಿಯೊಬ್ಬರಿಗೂ ತನಗಿಂತ ಕೆಳಗೆ ಇನ್ನೊಬ್ಬ ಇದ್ದಾನೆ. ಅದಕ್ಕೆ ಅವರು ಶ್ರೇಣೀಕೃತ ಅಸಮಾನತೆ ಎಂದರು.

ಇಂಥವರನ್ನು ಸಮಾಜಶಾಸ್ತ್ರದ ಪಠ್ಯದಲ್ಲಿ ಎಷ್ಟೋ ವರ್ಷ ನಾಯಕ ಎಂದಷ್ಟೇ ಹೇಳಿದರು, ಶಾಸ್ತ್ರಜ್ಞ ಎನ್ನಲಿಲ್ಲ. ಇದು ನಮ್ಮ ವಿಷಯಕ್ಕೆ ಆದ ದೊಡ್ಡ ನಷ್ಟ ಎಂದೇ ನಾನು ತಿಳಿದಿದ್ದೇನೆ.

1982ರಲ್ಲಿ ಇತಿಹಾಸಕಾರ ರಣಜಿತ್ ಗುಹಾ ಮತ್ತು ಗೆಳೆಯರು ಸಬಾಲ್ಟರ್ನ್ ಅಧ್ಯಯನಗಳು ಎಂಬ ಸಂಪುಟಮಾಲೆ ಶುರು ಮಾಡಿದರು. ಸಬಾಲ್ಟರ್ನ್ ಅಂದರೆ ಅಧಿಕಾರದ ಅಡಿಯಲ್ಲಿ ಇರುವವರು. ಇತಿಹಾಸವನ್ನು ಸಾಹೇಬರೂ ನಾಯಕರೂ ಅಷ್ಟೇ ಮಾಡಿದ್ದಲ್ಲ, ರೈತ, ಬುಡಕಟ್ಟಿನವರು, ಕೂಲಿಕಾರರಿಗೂ ತಮ್ಮದೇ ಬುದ್ಧಿ, ತಮ್ಮದೇ ರಾಜಕಾರಣ ಇತ್ತು ಎಂಬುದು ಅವರ ವಾದ. ಆದರೆ ಆ ಜನ ದಾಖಲೆ ಬರೆದಿಟ್ಟಿಲ್ಲ. ಪೊಲೀಸರ, ಕಚೇರಿಗಳ ಕಾಗದವನ್ನೇ ತಿರುವಿ ಹಾಕಿ, ಸಾಲಿನ ನಡುವೆ ಅವರ ದನಿ ಹುಡುಕಬೇಕು.

ಇದಕ್ಕೆ ಬಾಗಲಕೋಟೆ ಜಿಲ್ಲೆಯ ಹಲಗಲಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1857ರಲ್ಲಿ ಸರ್ಕಾರ ಆಯುಧ ಒಪ್ಪಿಸಿ ಎಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ದಂಡು ಬಂತು, ಊರು ಸುಟ್ಟಿತು, ಹಲವರನ್ನು ನೇಣಿಗೆ ಹಾಕಿದರು. ಸರ್ಕಾರಿ ಕಾಗದದಲ್ಲಿ ಇದು ಒಂದು ಗಲಭೆ, ಅದನ್ನು ಅಡಗಿಸಲಾಯಿತು, ಅಷ್ಟೇ. ಆದರೆ ಇದೇ ಘಟನೆಯ ಮೇಲೆ ಲಾವಣಿ ಕಟ್ಟಿ ಜನ ಹಾಡಿದರು. ಕೈಯಲ್ಲಿಯ ಆಯುಧ ಹೋದರೆ ಬೇಡನಿಗೆ ಮಾನ ಏನು ಉಳಿಯಿತು ಎಂಬ ಸಂಕಟ ಅದರಲ್ಲಿದೆ. ಆ ಲಾವಣಿಯನ್ನು ಕೂಡಿಸಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್, ಅದೇ ಬ್ರಿಟಿಷ್ ಸರ್ಕಾರದ ಅಧಿಕಾರಿ. ಹಾಗಾಗಿ ಕೆಳಗಿನವರ ದನಿ ನಮಗೆ ಮುಟ್ಟಿದ್ದು ಕೂಡ ಮೇಲಿನವರ ಕೈ ದಾಟಿಯೇ. ಸಬಾಲ್ಟರ್ನ್ ಪಂಡಿತರು ತಲೆಕೆಡಿಸಿಕೊಂಡ ಕಷ್ಟ ಇದೇ.

ಮೊರ ಹಿಡಿದವರು

ಇಷ್ಟೊತ್ತು ಕಣದಲ್ಲಿ ಗಂಡಸರನ್ನೇ ತೋರಿಸಿದೆ. ತೆನೆ ಮುರಿದವರು, ಕಾಳು ಹಸನು ಮಾಡಿದವರು, ಎಲ್ಲರಿಗೂ ರೊಟ್ಟಿ ಬುತ್ತಿ ಹೊತ್ತು ತಂದವರು ಹೆಂಗಸರು. ಅವರು ಯಾವ ಪುಸ್ತಕದಲ್ಲಿ ಬಂದರು?

ಇರಾವತಿ ಕರ್ವೆ 1953ರಲ್ಲಿ ಭಾರತದ ಬಂಧುತ್ವದ ಬಗ್ಗೆ ಬರೆದ ಪುಸ್ತಕದಲ್ಲಿ ದೇಶವನ್ನು ನಾಲ್ಕು ವಲಯ ಮಾಡಿದರು. ಉತ್ತರದಲ್ಲಿ ಮಗಳನ್ನು ಗುರುತಿಲ್ಲದ ದೂರದ ಊರಿಗೆ ಕೊಡುತ್ತಾರೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುತ್ತಾರೆ. ಹುಡುಗಿ ಗಂಡನ ಮನೆಗೆ ಹೋದರೂ ಅತ್ತೆ ಅಂದರೆ ಅಜ್ಜಿಯೇ ಆಗಿರಬಹುದು. ಇದರಿಂದ ಹೆಣ್ಣಿನ ಬದುಕು ಎಷ್ಟು ಬೇರೆಯಾಗುತ್ತದೆ ಎಂಬುದನ್ನು ಅವರು ಕಂಡರು. ಅವರು ಪಂಢರಪುರದ ವಾರಿಯಲ್ಲಿ, ಅಂದರೆ ಪಾದಯಾತ್ರೆಯಲ್ಲಿ, ನಡೆದುಹೋದ ಅನುಭವವನ್ನೂ ಬರೆದಿದ್ದಾರೆ. ದಾರಿಯುದ್ದಕ್ಕೂ ಒಟ್ಟಿಗೆ ಅಭಂಗ ಹಾಡುವ ಜನ ಊಟಕ್ಕೆ ಬೇರೆ ಬೇರೆ ಕೂತರು. ನಮ್ಮ ಜಿಲ್ಲೆಗಳಿಂದಲೂ ಪ್ರತಿವರ್ಷ ದಿಂಡಿ ಹೋಗುತ್ತದೆ. ಹಾಡನ್ನಷ್ಟೇ ಕೇಳಿದವನು ಒಂದು ಸಮಾಜ ಕಾಣುತ್ತಾನೆ, ಒಲೆ ಎಣಿಸಿದವಳು ಇನ್ನೊಂದನ್ನು ಕಾಣುತ್ತಾಳೆ.

ಲೀಲಾ ದುಬೆ ಎಂಬ ಇನ್ನೊಬ್ಬ ದೊಡ್ಡ ವಿದ್ವಾಂಸೆ ಬೀಜ ಮತ್ತು ಭೂಮಿಯ ಮಾತು ಎತ್ತಿದರು. ಗಂಡು ಬೀಜ, ಹೆಣ್ಣು ಭೂಮಿ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಬೆಳೆ ಯಾರದು? ಬೀಜ ಹಾಕಿದವನದು. ಹೊಗಳಿಕೆಯಂತೆ ಕಾಣುವ ಒಂದು ಮಾತಿನೊಳಗೆ ಮಕ್ಕಳ ಮೇಲಿನ ಹಕ್ಕು, ಆಸ್ತಿಯ ಹಕ್ಕು ಎರಡೂ ಗಂಡಿನ ಪಾಲಾಗುತ್ತವೆ ಎಂದು ತೋರಿಸಿದರು. ನಮ್ಮ ರಾಜ್ಯದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ತಿದ್ದಿ ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟರು. ಹೊಲದ ಉತಾರ, ಅಂದರೆ ಪಹಣಿ, ತೆಗೆಸಿ ನೋಡಿ, ಹೆಣ್ಣಿನ ಹೆಸರು ಎಷ್ಟು ಕಡೆ ಇದೆ ಎಂದು. ತವರು ಬೇಕಾದರೆ ಪಾಲು ಕೇಳಬಾರದು ಎಂಬ ಅಲಿಖಿತ ಕಾನೂನು ಇನ್ನೂ ಜೋರಾಗಿದೆ.

ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬಂದರೆ ಎಲ್ಲ ದಾರಿಗಳೂ ಒಂದೇ ಕಡೆ ಕೂಡುತ್ತವೆ. ಗ್ರಂಥದ ಕಣ್ಣಿಗೆ ಆಕೆ ಪರಶುರಾಮನ ತಾಯಿ ರೇಣುಕೆ. ಊರ ದೇವತೆಯನ್ನು ಪುರಾಣಕ್ಕೆ ಜೋಡಿಸುವ ಈ ಕೆಲಸಕ್ಕೆ ಅಮೆರಿಕದ ಮಾನವಶಾಸ್ತ್ರಜ್ಞ ಮೆಕ್ಕಿಂ ಮ್ಯಾರಿಯಟ್ 1955ರಲ್ಲೇ ಒಂದು ಹೆಸರು ಕೊಟ್ಟರು. ಸಣ್ಣ ಪರಂಪರೆ ದೊಡ್ಡ ಪರಂಪರೆಗೆ ಏರುವುದು, ಅಂದರೆ ಸಾರ್ವತ್ರೀಕರಣ. ಆದರೆ ಅದೇ ಗುಡ್ಡದ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದವರು ಹೆಚ್ಚಾಗಿ ದಲಿತರ ಮನೆಯ ಹೆಣ್ಣುಮಕ್ಕಳು. 1982ರಲ್ಲಿ ಕಾನೂನು ಇದನ್ನು ನಿಷೇಧಿಸಿತು. ಜಾತಿ, ಬಡತನ, ಹೆಣ್ಣಿನ ದೇಹ, ದೇವರು ನಾಲ್ಕೂ ಅಲ್ಲಿ ಒಂದೇ ಗಂಟಾಗಿವೆ. ಮುತ್ತು ಕಟ್ಟಿಸಿಕೊಂಡ ಮಗಳು ತವರಲ್ಲೇ ಉಳಿದು, ಮಗನ ಹಾಗೆ ಮನೆ ನಡೆಸಿ, ಆಸ್ತಿಯಲ್ಲಿ ಪಾಲು ಪಡೆಯುವುದೂ ಇತ್ತು. ಗಂಡುಮಕ್ಕಳಿಲ್ಲದ ಬಡ ಮನೆ ಮಗಳನ್ನು ಯಾಕೆ ಬಿಡುತ್ತಿತ್ತು ಎಂಬುದಕ್ಕೆ ಇದೊಂದು ಕಾರಣ. ಇದನ್ನು ಹೇಳಿದರೆ ಆ ಪದ್ಧತಿಯ ಕ್ರೌರ್ಯ ಕಡಿಮೆಯಾಗುವುದಿಲ್ಲ. ಆದರೆ ಆ ಹೆಣ್ಣುಮಕ್ಕಳನ್ನೇ ಕೂರಿಸಿ ಕೇಳದೆ ಯಾವ ಒಂದು ದಾರಿ ಹಿಡಿದರೂ ಅವರ ಅರ್ಧ ಬದುಕಷ್ಟೇ ಸಿಗುತ್ತದೆ.

ಹೋದ ವರ್ಷ ತರಗತಿಯಲ್ಲಿ ಎಲ್ಲರಿಗೂ ಒಂದು ಕೆಲಸ ಕೊಟ್ಟೆ. ಮನೆಯ ಹಿರಿಯರ ಹತ್ತಿರ ಕೂತು ಕಣದ ಬಗ್ಗೆ ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಂಡು ಬನ್ನಿ ಎಂದೆ. ಮಾದರ ಕೇರಿಯಿಂದ ಬರುವ ಒಬ್ಬ ಹುಡುಗಿ ಮೂರು ಪುಟ ಬರೆದು ತಂದಳು. ಅವಳ ಅಜ್ಜಿ ಹೇಳಿದ್ದು ಹೀಗಿತ್ತು: 'ನಿಮ್ಮಜ್ಜ ತರೂ ಕಾಳಿನ್ಯಾಗ ಅರ್ಧ ಮಣ್ಣ ಇರತಿತ್ತು. ಮೊರದಾಗ ಕೇರಿದ್ರೂ ಹೋಗತಿದ್ದಿಲ್ಲ. ನೀರಾಗ ಜಾಲಿಸಿ ಒಣ ಹಾಕಬೇಕು. ಊರ ಬಾವಿ ನಮಗಿರಲಿಲ್ಲ. ಹೊತ್ಕೊಂಡು ಹಳ್ಳಕ್ಕ ಹೋಗತಿದ್ವಿ. ಕೂಸಿನ್ನ ಬೆನ್ನಿಗೆ ಕಟ್ಟಿಕೊಂಡು. ಒಂದ್ ದಿನದ ಕೂಲಿ ಅದಕ್ಕ ಹೋಗತಿತ್ತು.'

ನಾನು ಅಂಥದೇ ಕಣದಲ್ಲಿ ಬೆಳೆದವನು. ಮಣ್ಣು ಕೂಡಿದ ಕಾಳು ಬೇಲಿ ದಾಟಿ ಹೋಗುವುದನ್ನು ನೋಡಿದ್ದೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ, ಅದನ್ನು ಯಾರು ತೊಳೆಯುತ್ತಾರೆ ಎಂಬುದು ಅಲ್ಲಿಯವರೆಗೂ ನನ್ನ ತಲೆಗೆ ಬಂದಿರಲಿಲ್ಲ.

'ಸರ್, ಮ್ಯಾಲೆ ಯಾವ ದೃಷ್ಟಿಕೋನ ಅಂತ ಬರೀಲ್ರಿ?' ಎಂದು ಹುಡುಗಿ ಕೇಳಿದಳು. ಅದು ಆಮೇಲೆ ನೋಡೋಣ ಎಂದೆ. ಹಳ್ಳ ಎಷ್ಟು ದೂರ ಇತ್ತು, ಜೊತೆಗೆ ಯಾರ್ಯಾರು ಹೋಗುತ್ತಿದ್ದರು ಎಂದು ಅಜ್ಜಿಗೆ ಇನ್ನೊಮ್ಮೆ ಕೇಳಿಕೊಂಡು ಬರಲು ಹೇಳಿದೆ. ಮರುದಿನ ಇನ್ನೂ ಎರಡು ಪುಟ ಬರೆದು ತಂದಳು.